ಮೂರೂವರೆಯ ಬೆಲ್ ಆದ ಮೇಲೂ ಕಾಲೇಜು ಉಂಟು

ಪದವಿ ಕಾಲೇಜುಗಳ ದಾಖಲಾತಿ ಮುಗಿದಿದೆ. ಫೀಸು ಕಟ್ಟಿ ಆಯಿತು, ಬಸ್ ಪಾಸ್ ಆಯಿತು, ಯೂನಿಫಾರ್ಮ್ ಹೊಲಿಸಿ ಆಯಿತು. ಮಗ ಬಿ.ಕಾಂ.ಗೆ, ಮಗಳು ಬಿ.ಎ.ಗೆ ಸೇರಿದ್ದಾರೆ. ಇನ್ನು ಮೂರು ವರ್ಷ ನಮ್ಮ ಹೆಚ್ಚಿನ ಮನೆಗಳಲ್ಲಿ ಕೇಳುವ ಪ್ರಶ್ನೆ ಎರಡೇ. ಒಂದು, "ಮಾರ್ಕ್ ಎಷ್ಟು ಬಂತು?" ಇನ್ನೊಂದು, "ಇವತ್ತು ಯಾಕೆ ತಡ ಆಯಿತು?"

ಮೊದಲ ಪ್ರಶ್ನೆಯ ಬಗ್ಗೆ ಈ ಪುಟದಲ್ಲಿ ನಾವು ಬೇಕಾದಷ್ಟು ಬರೆದಿದ್ದೇವೆ. ಈ ವಾರ ಎರಡನೆಯದರ ಬಗ್ಗೆ ಮಾತಾಡುವ. ಯಾಕೆಂದರೆ ಪದವಿ ಕಾಲೇಜಿನ ಒಂದು ದೊಡ್ಡ ಪಾಲು ಶುರುವಾಗುವುದೇ ಕ್ಲಾಸು ಬಿಟ್ಟ ಮೇಲೆ. ನೋಟಿಸ್ ಬೋರ್ಡಿನ ಹತ್ತಿರ ಎರಡು ನಿಮಿಷ ನಿಂತರೆ ಸಾಕು. ಎನ್ನೆಸ್ಸೆಸ್‌ಗೆ ಹೆಸರು ಕೊಡಿ, ಎನ್‌ಸಿಸಿ ಆಯ್ಕೆಗೆ ಮೈದಾನಕ್ಕೆ ಬನ್ನಿ, ಭಿತ್ತಿಪತ್ರಿಕೆಗೆ ಲೇಖನ ಕೊಡಿ, ಅಂತರ್ ಕಾಲೇಜು ಚರ್ಚಾಸ್ಪರ್ಧೆಗೆ ಇಬ್ಬರು ಬೇಕು, ಕಬಡ್ಡಿ ತಂಡಕ್ಕೆ ಟ್ರಯಲ್ಸ್ ಉಂಟು. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಈ ಬೋರ್ಡಿನ ಎದುರಿನಿಂದಲೇ ನಡೆದು ಸ್ಟೇಟ್‌ಬ್ಯಾಂಕಿಗೆ ಹೋಗಿ ಬಸ್ಸು ಹತ್ತುತ್ತಾರೆ. ಅವರಿಗೆ ಆಸಕ್ತಿ ಇಲ್ಲವೆಂದಲ್ಲ. ಅದು ಓದಿನ ಭಾಗ ಎಂದು ಮನೆಯಲ್ಲಿ ಯಾರೂ ಹೇಳಿಲ್ಲ, ಅಷ್ಟೇ.

ಮಿಲಾದ್ ವೇದಿಕೆಯ ಮಕ್ಕಳು ಎಲ್ಲಿ ಹೋದರು?

ನಮ್ಮ ಮಕ್ಕಳಿಗೆ ಸ್ಟೇಜ್ ಹೊಸತಲ್ಲ. ಐದಾರು ವರ್ಷಕ್ಕೇ ಮದ್ರಸದ ಮಿಲಾದ್ ಕಾರ್ಯಕ್ರಮದಲ್ಲಿ ಮೈಕ್ ಹಿಡಿದವರು ಅವರು. ಒಬ್ಬನಿಗೆ ಕನ್ನಡ ಭಾಷಣ, ಇನ್ನೊಬ್ಬನಿಗೆ ಮಲಯಾಳಂ ಹಾಡು, ಮತ್ತೊಬ್ಬಳಿಗೆ ಅರಬಿಯಲ್ಲಿ ಕಂಠಪಾಠ, ಜೊತೆಗೆ ದಫ್ ತಂಡ. ಉಸ್ತಾದರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಕಾರ್ಯಕ್ರಮದ ರಾತ್ರಿ ಉಮ್ಮಂದಿರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾರೆ, ಗಲ್ಫ್‌ನಲ್ಲಿರುವ ಉಪ್ಪನಿಗೆ ಕಳಿಸುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ ಎಸ್ಸೆಸ್ಸೆಫ್‌ನ ಸಾಹಿತ್ಯೋತ್ಸವ, ಎಸ್ಕೆಎಸ್ಸೆಸ್ಸೆಫ್‌ನ ಸರ್ಗಲಯ ಎಂದು ಊರಿನ ಮಟ್ಟದಿಂದ ಮೇಲಕ್ಕೆ ಸ್ಪರ್ಧೆಗಳೂ ಉಂಟು. ಭಾಷಣ, ಪ್ರಬಂಧ, ಹಾಡು, ಚಿತ್ರ ಎಲ್ಲವೂ ಅಲ್ಲಿದೆ.

ಮೂರು ನಾಲ್ಕು ಭಾಷೆಯಲ್ಲಿ ಹೆದರಿಕೆಯಿಲ್ಲದೆ ಮಾತಾಡುವ ಮಕ್ಕಳು ಇಷ್ಟು ಸಂಖ್ಯೆಯಲ್ಲಿ ಎಲ್ಲಾ ಸಮುದಾಯಗಳಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಮಲಯಾಳಂ ಮತ್ತು ಅರಬಿ. ಹತ್ತು ವರ್ಷ ಇಷ್ಟು ತರಬೇತಿ ಪಡೆದ ಅದೇ ಹುಡುಗ ಪದವಿ ಕಾಲೇಜಿಗೆ ಬಂದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತು, "ನಮಗೆಂತ ಸ್ಟೇಜು ಮಾರಾಯ್ರೆ" ಎನ್ನುತ್ತಾನೆ. ಮದ್ರಸದ ವೇದಿಕೆಗೂ ಕಾಲೇಜಿನ ವೇದಿಕೆಗೂ ನಡುವೆ ಒಂದು ಸಂಕ ಕಟ್ಟಿದರೆ ಸಾಕು, ದಾಟುವ ಶಕ್ತಿ ಮಕ್ಕಳಲ್ಲಿ ಇದ್ದೇ ಇದೆ.

ಎನ್ನೆಸ್ಸೆಸ್: ನಾವು ಮಾಡುವ ಖಿದ್ಮತ್ತಿಗೇ ದಾಖಲೆ

ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷದಲ್ಲಿ. ಆಗ 37 ವಿಶ್ವವಿದ್ಯಾನಿಲಯಗಳಲ್ಲಿ ಇತ್ತು. ಈಗ ನಮ್ಮ ಜಿಲ್ಲೆಯ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಘಟಕ ಉಂಟು. ಲೆಕ್ಕ ಸರಳ. ವರ್ಷಕ್ಕೆ 120 ಗಂಟೆ, ಎರಡು ವರ್ಷದಲ್ಲಿ 240 ಗಂಟೆ ಸೇವೆ. ಅದರ ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ.

ಶಿಬಿರ ಎಂದರೆ ಏನು ಎಂದು ಮನೆಯವರಿಗೆ ಸರಿಯಾಗಿ ತಿಳಿದಿರುವುದಿಲ್ಲ. ಸಾಮಾನ್ಯವಾಗಿ ಒಂದು ಶಾಲೆಯಲ್ಲಿ ಉಳಿದುಕೊಳ್ಳುತ್ತಾರೆ. ಬೆಳಿಗ್ಗೆ ಬೇಗ ಎದ್ದು ವ್ಯಾಯಾಮ, ನಂತರ ಶ್ರಮದಾನ. ರಸ್ತೆ ಸರಿ ಮಾಡುವುದು, ಶಾಲೆಯ ಅಂಗಳ ಸಮತಟ್ಟು ಮಾಡುವುದು, ಇಂಗುಗುಂಡಿ ತೋಡುವುದು. ಮಧ್ಯಾಹ್ನ ಉಪನ್ಯಾಸ, ಸಂಜೆ ಊರಿನವರ ಜೊತೆ ಸಾಂಸ್ಕೃತಿಕ ಕಾರ್ಯಕ್ರಮ. ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲಾ ತಂಡ ಮಾಡಿ ಹಂಚಿಕೊಳ್ಳುತ್ತಾರೆ. ಮನೆಯಲ್ಲಿ ಒಂದು ಲೋಟ ತೊಳೆಯದ ಹುಡುಗ ಐವತ್ತು ಜನರ ಗಂಜಿ ಪಾತ್ರೆ ಉಜ್ಜಿ ಬರುತ್ತಾನೆ. ಹೆಸರು ಕೇಳಿದರೆ ಯಾವ ಜಾತಿ, ಯಾವ ಧರ್ಮ ಎಂದು ಲೆಕ್ಕ ಹಾಕುವ ಈ ಕಾಲದಲ್ಲಿ ಒಂದೇ ಕೋಣೆಯಲ್ಲಿ ಏಳು ದಿನ ಮಲಗೆದ್ದು, ಒಂದೇ ಪಂಕ್ತಿಯಲ್ಲಿ ಉಣ್ಣುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ?

ಇನ್ನೊಂದು ಮಾತು. ನಮ್ಮ ಯುವಕರು ಸೇವೆಯಲ್ಲಿ ಹಿಂದೆ ಬಿದ್ದವರಲ್ಲ. ರಕ್ತದಾನ ಶಿಬಿರ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ನಿಲ್ಲುವುದು, ನೆರೆ ಬಂದಾಗ ದೋಣಿ ಹಿಡಿದು ಹೋಗುವುದು, ಬಡ ಹೆಣ್ಣುಮಕ್ಕಳ ಮದುವೆಗೆ ಹಣ ಸೇರಿಸುವುದು, ಇದೆಲ್ಲ ಊರೂರಲ್ಲಿ ನಡೆಯುತ್ತಿದೆ. ಆದರೆ ಅದಕ್ಕೆ ಕಾಗದದಲ್ಲಿ ಲೆಕ್ಕ ಇರುವುದಿಲ್ಲ. ಪುಣ್ಯಕ್ಕೆ ಕಾಗದ ಬೇಡ ಎನ್ನುವುದು ಸರಿ, ಉದ್ಯೋಗಕ್ಕೆ ಬೇಕು. ಅದೇ ಹುಡುಗ ಕಾಲೇಜಿನ ಎನ್ನೆಸ್ಸೆಸ್ ಅಥವಾ ಯುವ ರೆಡ್‌ಕ್ರಾಸ್ ಘಟಕದಲ್ಲಿ ಅದೇ ರಕ್ತದಾನ ಶಿಬಿರ ನಡೆಸಿದರೆ ಅವನ ಹೆಸರಿನಲ್ಲಿ ಗಂಟೆಗಳು ದಾಖಲಾಗುತ್ತವೆ, ಕೊನೆಗೆ ಪ್ರಮಾಣಪತ್ರ ಸಿಗುತ್ತದೆ. ಎಷ್ಟೋ ವಿಶ್ವವಿದ್ಯಾನಿಲಯಗಳು ಮುಂದಿನ ಓದಿನ ಸೀಟಿಗೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತವೆ.

ಎನ್‌ಸಿಸಿ: ಮೊದಲ ವರ್ಷವೇ ಸೇರಬೇಕು

ಎನ್‌ಸಿಸಿಯಲ್ಲಿ ಪದವಿ ಹುಡುಗರಿಗೆ ಸೀನಿಯರ್ ಡಿವಿಷನ್, ಹುಡುಗಿಯರಿಗೆ ಸೀನಿಯರ್ ವಿಂಗ್. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ವಿಭಾಗದ ಘಟಕಗಳು ಮಂಗಳೂರಿನಲ್ಲಿವೆ. ಎರಡನೇ ವರ್ಷದ ನಂತರ 'ಬಿ' ಸರ್ಟಿಫಿಕೇಟ್ ಪರೀಕ್ಷೆ, ಮೂರನೇ ವರ್ಷದಲ್ಲಿ 'ಸಿ' ಸರ್ಟಿಫಿಕೇಟ್. ಇದಕ್ಕೆ ಕ್ಯಾಂಪ್ ಮತ್ತು ಪರೇಡ್ ಹಾಜರಿ ಎರಡೂ ಬೇಕು. ಆದ್ದರಿಂದ "ಈ ವರ್ಷ ನೋಡುವ, ಮುಂದಿನ ವರ್ಷ ಸೇರುವ" ಎಂದರೆ ಆಗ್ಲಿಕ್ಕಿಲ್ಲ. ಮೊದಲ ವರ್ಷ, ಅದೂ ಕಾಲೇಜು ಶುರುವಾದ ಮೊದಲ ಕೆಲವು ವಾರಗಳಲ್ಲೇ ಹೆಸರು ಕೊಡಬೇಕು.

ಇದರಿಂದ ಎಂತ ಪ್ರಯೋಜನ? ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ಒಟ್ಟು ಅಂಕದ ಶೇ. 5, 'ಬಿ' ಇದ್ದವರಿಗೆ ಶೇ. 3, 'ಎ' ಇದ್ದವರಿಗೆ ಶೇ. 2 ಬೋನಸ್ ಅಂಕ ಉಂಟು. ಅರ್ಧ ಅಂಕದಲ್ಲಿ ಕೆಲಸ ಕೈತಪ್ಪುವ ಪರೀಕ್ಷೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸೇನೆಯಲ್ಲಿ ಅಧಿಕಾರಿಯಾಗಲು ಎನ್‌ಸಿಸಿ ವಿಶೇಷ ಪ್ರವೇಶ ಎಂಬ ದಾರಿಯೂ ಇದೆ. ಪದವಿಯಲ್ಲಿ ಕನಿಷ್ಠ ಶೇ. 50 ಅಂಕ, 'ಸಿ' ಸರ್ಟಿಫಿಕೇಟಿನಲ್ಲಿ ಕನಿಷ್ಠ 'ಬಿ' ಗ್ರೇಡ್, 19ರಿಂದ 25ರೊಳಗಿನ ವಯಸ್ಸು ಇದ್ದರೆ ಲಿಖಿತ ಪರೀಕ್ಷೆಯಿಲ್ಲದೆ ಅರ್ಜಿ ಹಾಕಬಹುದು. ಅರ್ಜಿಗಳಲ್ಲಿ ಆಯ್ಕೆಯಾದವರು ನೇರ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುತ್ತಾರೆ. ಮದುವೆಯಾಗದ ಹುಡುಗ ಹುಡುಗಿಯರಿಬ್ಬರಿಗೂ ಈ ದಾರಿ ತೆರೆದಿದೆ. ನಮ್ಮ ಕರಾವಳಿಯಲ್ಲಿ "ಸೇನೆಗೆ ನಮ್ಮವರು ಹೋಗುವುದಿಲ್ಲ" ಎಂಬ ಮಾತು ಕೇಳಿಬರುತ್ತದೆ. ಹೋಗುವ ದಾರಿ ಯಾವುದು ಎಂದು ಮಕ್ಕಳಿಗೆ ತೋರಿಸುವವರು ಬೇಕಲ್ಲವೇ?

ಮಾತು, ಬರಹ, ಮೈಕ್

ಎನ್ನೆಸ್ಸೆಸ್, ಎನ್‌ಸಿಸಿಗೆ ಸಮಯ ಹೆಚ್ಚು ಬೇಕು. ಅದು ಆಗದವರಿಗೆ ಬೇರೆ ಬಾಗಿಲುಗಳು ಇವೆ. ಭಿತ್ತಿಪತ್ರಿಕೆಗೆ ಬರೆಯಲು ಕಾಲೇಜಿನಲ್ಲಿ ಅರ್ಧ ಗಂಟೆ ಹೆಚ್ಚು ಉಳಿಯಬೇಕಾಗಿಲ್ಲ. ರಾತ್ರಿ ಮನೆಯಲ್ಲಿ ಬರೆದು ಬೆಳಿಗ್ಗೆ ಕನ್ನಡ ಸಂಘದ ಮೇಷ್ಟ್ರ ಕೈಗೆ ಕೊಟ್ಟರೆ ಆಯಿತು. ವಾರ್ಷಿಕ ಸಂಚಿಕೆಗೆ ಲೇಖನ, ವಿದ್ಯಾರ್ಥಿ ಸಂಪಾದಕರ ಬಳಗಕ್ಕೆ ಹೆಸರು, ಊಟದ ಬಿಡುವಿನಲ್ಲಿ ನಡೆಯುವ ರಸಪ್ರಶ್ನೆ, ಇವೆಲ್ಲ ಬಸ್ಸು ತಪ್ಪಿಸದ ಚಟುವಟಿಕೆಗಳು.

ಬರಹದಲ್ಲಿ ನಮಗೆ ಹಿರಿಯರ ದಾರಿಯೂ ಇದೆ. ಪುತ್ತೂರು ಕಡೆಯ ಬೋಳುವಾರು ಮಹಮ್ಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಹಳ್ಳಿಯನ್ನು ಕನ್ನಡ ಕಥೆಗಳಲ್ಲಿ ಕಟ್ಟಿ, 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಸಾರಾ ಅಬೂಬಕ್ಕರ್ ಅವರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶವೇ ಸಿಕ್ಕಿರಲಿಲ್ಲ. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಬರೆಯಲು ಕೂತು, 'ಚಂದ್ರಗಿರಿಯ ತೀರದಲ್ಲಿ' ಬರೆದರು. ಅದು ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅವರಿಗೆ ಸಿಗದೆ ಹೋದ ಓದುವ ಕೋಣೆ, ಬರೆಯುವ ಸಂಘ, ತಿದ್ದಿ ಹೇಳುವ ಮೇಷ್ಟ್ರು ಇವತ್ತು ನಮ್ಮ ಮಗಳಿಗೆ ಕಾಲೇಜಿನಲ್ಲಿ ಫೀಸಿನ ಒಳಗೇ ಸಿಗುತ್ತಿದೆ.

ಮೈಕ್ ಇಷ್ಟ ಇರುವವರಿಗೆ ಇನ್ನೂ ಒಂದು ದಾರಿ. 1880ರಲ್ಲಿ ಶುರುವಾದ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆ ನಡೆಸುವ ಸಮುದಾಯ ಬಾನುಲಿ 'ರೇಡಿಯೋ ಸಾರಂಗ್' 107.8 ಎಫ್ಎಂನಲ್ಲಿ ಕನ್ನಡ, ತುಳು, ಕೊಂಕಣಿಯ ಜೊತೆ ಬ್ಯಾರಿ ಭಾಷೆಯೂ ಕೇಳುತ್ತದೆ. ರೇಡಿಯೋದಲ್ಲಿ ಸ್ಪಷ್ಟವಾಗಿ ಮಾತಾಡಲು ಬಂದವನಿಗೆ ಮುಂದೆ ಎಲ್ಲಿ ಬೇಕಾದರೂ ಮಾತಾಡಲಿಕ್ಕೆ ಬರುತ್ತದೆ.

ಚರ್ಚೆ, ಭಾಷಣ, ರಸಪ್ರಶ್ನೆ, ಕಿರುನಾಟಕ, ಮೈಮ್, ಮಿಮಿಕ್ರಿ, ಸ್ಥಳದಲ್ಲೇ ಚಿತ್ರ ಬಿಡಿಸುವುದು, ಪೋಸ್ಟರ್, ಕಾರ್ಟೂನ್, ಮಣ್ಣಿನ ಮಾದರಿ, ಇವೆಲ್ಲ ವಿಶ್ವವಿದ್ಯಾನಿಲಯಗಳ ಯುವಜನೋತ್ಸವದಲ್ಲಿ ಇರುವ ಸ್ಪರ್ಧೆಗಳು. ಕಾಲೇಜಿನಲ್ಲಿ ಗೆದ್ದವರು ವಿಶ್ವವಿದ್ಯಾನಿಲಯಕ್ಕೆ, ಅಲ್ಲಿಂದ ವಲಯ ಮಟ್ಟಕ್ಕೆ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ ಹೋಗುತ್ತಾರೆ. ಡ್ಯಾನ್ಸು ಬೇಡ ಎಂದು ಮನೆಯವರು ಹೇಳಿದರೆ ಪೋಸ್ಟರ್ ಉಂಟು. ಹಾಡು ಬೇಡವಾದರೆ ಭಾಷಣ ಉಂಟು. ಒಂದು ಬೇಡ ಎಂದು ಎಲ್ಲವನ್ನೂ ಬಿಡುವುದು ಯಾಕೆ? ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಹೆಸರು ಮಾಡಿದ ಜಬ್ಬಾರ್ ಸಮೋ ಸಂಪಾಜೆಯವರನ್ನು ಕರಾವಳಿಯಲ್ಲಿ ಯಾರು ತಿಳಿಯರು? ಮಾತಿನ ಶಕ್ತಿಗೆ ಧರ್ಮದ ಬೇಲಿ ಇಲ್ಲ.

ಉಮ್ಮನ ಭಾಷೆಯೇ ಬಂಡವಾಳ

ಬಿ.ಎ. ಓದುವ ಮಕ್ಕಳಿಗೆ ಒಂದು ವಿಶೇಷ ಅವಕಾಶ ಮನೆಯ ಅಡುಗೆ ಕೋಣೆಯಲ್ಲೇ ಇದೆ. ಪದವಿಯಲ್ಲಿ ಕಿರುಯೋಜನೆ, ಕ್ಷೇತ್ರಕಾರ್ಯ, ಸೆಮಿನಾರ್ ಪ್ರಬಂಧ ಎಂದು ಒಂದಲ್ಲ ಒಂದು ಕಡೆ ವಿಷಯ ಹುಡುಕುವುದು ಇದ್ದೇ ಇರುತ್ತದೆ. ಎಲ್ಲರೂ ಇಂಟರ್‌ನೆಟ್ಟಿನಿಂದ ಒಂದೇ ವಿಷಯ ಇಳಿಸಿಕೊಂಡು ಬರುವಾಗ, ನಮ್ಮ ಮಗಳು ಅಜ್ಜಿಯ ಹತ್ತಿರ ಕೂತು ಮದುವೆ ಮನೆಯ ಹಳೇ ಬ್ಯಾರಿ ಹಾಡುಗಳನ್ನು ರೆಕಾರ್ಡ್ ಮಾಡಬಹುದು. ಗಾದೆ, ಒಗಟು, ಹೆರಿಗೆ ಮನೆಯ ಮದ್ದು, ಮಳೆಗಾಲಕ್ಕೆ ಕಟ್ಟಿಡುತ್ತಿದ್ದ ತಿಂಡಿ, ಬಂದರಿನ ಹಳೇ ವ್ಯಾಪಾರದ ಲೆಕ್ಕದ ಮಾತು, ಮೀನು ಮಾರುಕಟ್ಟೆಯ ಹರಾಜಿನ ಪದಗಳು, ಬೀಡಿ ಕಟ್ಟುವವರ ಪದಗಳು, ಒಂದೊಂದೂ ಒಂದು ಪ್ರಬಂಧಕ್ಕೆ ಸಾಕು. ಅದನ್ನು ಬಲ್ಲ ಅಜ್ಜಿಯರು ಹೆಚ್ಚು ಕಾಲ ನಮ್ಮ ಜೊತೆ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇದಕ್ಕೆ ಬೆನ್ನಿಗೆ ನಿಲ್ಲಲು ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಿಂದ ಇದೆ. ಪ್ರತಿ ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನ ಆಚರಿಸಲಾಗುತ್ತದೆ. ಆ ದಿನ ನಿಮ್ಮ ಕಾಲೇಜಿನಲ್ಲಿ ಒಂದು ಗಂಟೆಯ ಕಾರ್ಯಕ್ರಮ ಮಾಡಬಹುದೇ ಎಂದು ಪ್ರಾಂಶುಪಾಲರಲ್ಲಿ ಕೇಳಿ ನೋಡಿ. ತುಳು, ಕೊಂಕಣಿ ಮಾತಾಡುವ ಸ್ನೇಹಿತರನ್ನೂ ಸೇರಿಸಿಕೊಳ್ಳಿ. ಕೆ.ಪಿ. ಸುವೀರನ್ ನಿರ್ದೇಶಿಸಿದ 'ಬ್ಯಾರಿ' ಚಿತ್ರ 2011ರ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವುಳ್' ಜೊತೆ ಹಂಚಿಕೊಂಡಿತು. ಈ ಭಾಷೆಯಲ್ಲಿ ಮಾತಾಡಲು ನಾಚಿಕೆಪಡುವ ಮಕ್ಕಳಿಗೆ ಇದನ್ನು ಹೇಳಬೇಕು.

ಮೈದಾನದಲ್ಲಿ ನಮ್ಮವರು

ಆಟದ ಬಗ್ಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಉಳ್ಳಾಲ, ಬಂದರ್ ಕಡೆಯ ಫುಟ್‌ಬಾಲ್, ಹಳ್ಳಿಹಳ್ಳಿಯ ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ, ಎಲ್ಲದರಲ್ಲಿ ನಮ್ಮ ಹುಡುಗರಿದ್ದಾರೆ. ಊರಿನ ಟೂರ್ನಿಯಲ್ಲಿ ಒಂದು ಟ್ರೋಫಿ, ಒಂದು ಫೋಟೋ, ಅಲ್ಲಿಗೆ ಮುಗಿಯಿತು. ಅದೇ ಆಟ ಕಾಲೇಜು ತಂಡದಲ್ಲಿ ಆಡಿದರೆ ಅಂತರ್ ಕಾಲೇಜು, ಅಂತರ್ ವಿಶ್ವವಿದ್ಯಾನಿಲಯ ಪಂದ್ಯ, ಕ್ರೀಡಾ ಕೋಟಾದ ಸೀಟು, ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ನೇಮಕಾತಿ ಎಂದು ದಾರಿ ಮುಂದಕ್ಕೆ ಹೋಗುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರನ್ನು ಮೊದಲ ವಾರವೇ ಕಂಡು ಮಾತಾಡಿ.

ಹಾಗಾದರೆ ಯಾಕೆ ತಪ್ಪಿಹೋಗುತ್ತದೆ?

ಮಕ್ಕಳ ಹತ್ತಿರ ಕೇಳಿದರೆ ಕಾರಣಗಳು ಸಾಲಾಗಿ ಬರುತ್ತವೆ. ಸಂಜೆ ಅಂಗಡಿಯಲ್ಲಿ ಉಪ್ಪನಿಗೆ ಕೈಜೋಡಿಸಬೇಕು. ಐದು ಗಂಟೆಯ ಬಸ್ಸು ತಪ್ಪಿದರೆ ನಮ್ಮ ಊರಿಗೆ ಮತ್ತೆ ಏಳಕ್ಕೇ. ಪಾರ್ಟ್‌ಟೈಮ್ ಕೆಲಸ ಮಾಡಿ ಫೀಸು ಕಟ್ಟುತ್ತಿದ್ದೇನೆ. ನಮಾಜಿನ ಹೊತ್ತಿಗೆ ಅಭ್ಯಾಸ ಇಡುತ್ತಾರೆ, ಕೇಳಲು ಸಂಕೋಚ. ತಂಡದಲ್ಲಿ ನಮ್ಮವರು ಯಾರೂ ಇಲ್ಲ, ಒಬ್ಬನೇ ಹೋಗಲು ಒಂಥರಾ.

ಇವು ನೆಪಗಳಲ್ಲ, ನಿಜವಾದ ತೊಂದರೆಗಳು. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಆದರೆ ಅದು ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಒಳಗಿನ ಎಷ್ಟೋ ಊರುಗಳಿಗೆ ಹೋಗುವುದು ಖಾಸಗಿ ಬಸ್ಸು. ಹಾಗಾಗಿ ಬಸ್ಸಿನ ಸಮಯ ಮತ್ತು ಹಣ ಎರಡೂ ಲೆಕ್ಕಕ್ಕೆ ಬರುತ್ತವೆ. ಕೆಲವಕ್ಕೆ ಪರಿಹಾರ ಕೇಳಿದರೆ ಸಿಗುತ್ತದೆ. ಹತ್ತು ನಿಮಿಷ ನಮಾಜಿಗೆ ಬಿಡಿ ಎಂದು ವಿನಯದಿಂದ ಕೇಳಿದರೆ ಹೆಚ್ಚಿನ ಮೇಷ್ಟ್ರುಗಳು ಇಲ್ಲ ಎನ್ನುವುದಿಲ್ಲ. ಕೇಳದೆ ತಂಡವನ್ನೇ ಬಿಡುವುದು ಸರಿಯಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆ

ಹುಡುಗರದ್ದು ಸಮಯದ ತೊಂದರೆಯಾದರೆ ಹುಡುಗಿಯರದ್ದು ಭಯದ ತೊಂದರೆ. ಇದನ್ನು ಮುಚ್ಚಿಟ್ಟು ಬರೆಯಲು ಆಗುವುದಿಲ್ಲ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಈ ಒಂದು ವರ್ಷದಲ್ಲಿ ನಮ್ಮ ಹೆಣ್ಣುಮಕ್ಕಳು ಅನುಭವಿಸಿದ್ದು ಸಣ್ಣದಲ್ಲ. ಕೆಲವರು ಕ್ಲಾಸು ಬಿಟ್ಟರು, ಕೆಲವರು ಕಾಲೇಜು ಬದಲಿಸಿದರು. ಉಳಿದವರಲ್ಲೂ "ತಲೆ ತಗ್ಗಿಸಿ ಹೋಗು, ತಲೆ ತಗ್ಗಿಸಿ ಬಾ" ಎಂಬ ಮಾತು ಮನೆಯಿಂದ ಬಂತು. ಹಾಗೆ ತಲೆ ತಗ್ಗಿಸಿ ಹೋಗುವ ಹುಡುಗಿ ಚರ್ಚಾಸ್ಪರ್ಧೆಗೆ ಹೆಸರು ಕೊಡುವುದು ಹೇಗೆ?

ಎರಡನೇ ಭಯ ರಸ್ತೆಯದ್ದು. ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳು ಒಟ್ಟಿಗೆ ಹೋಗುವಾಗ ತಡೆದು ನಿಲ್ಲಿಸಿದ, ಹೆಸರು ಕೇಳಿದ, ಕೈಮಾಡಿದ ಸುದ್ದಿಗಳು ಕರಾವಳಿಯ ಪತ್ರಿಕೆಗಳಲ್ಲಿ ವರ್ಷಾನುಗಟ್ಟಲೆ ಬಂದಿವೆ. ತಡೆಯುವವರು ಒಂದೇ ಕಡೆಯವರೂ ಅಲ್ಲ. ಆದ್ದರಿಂದ ಶಿಬಿರ, ಪ್ರವಾಸ ಎಂದ ಕೂಡಲೇ ಉಮ್ಮನ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ನಾಲ್ಕು ಜನ ಸ್ನೇಹಿತರು ತಾವೇ ಸೇರಿ ಹೊರಡುವುದಕ್ಕೂ, ಕಾಲೇಜಿನ ಪತ್ರ, ಜೊತೆಗೆ ಅಧ್ಯಾಪಕರು, ಹೆಸರುಗಳ ಪಟ್ಟಿ, ಕಾಲೇಜಿನ ವಾಹನ ಇಟ್ಟುಕೊಂಡು ಹೋಗುವುದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸವನ್ನು ಮನೆಯವರು ಗಮನಿಸಬೇಕು.

ಒಂದು ಮಾತು ನಮ್ಮ ಓದುಗರ ಮುಂದೆ ಇಡುತ್ತೇವೆ. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಪದವಿಯ ಮೂರು ವರ್ಷ ಮುಗಿಯುತ್ತಿದ್ದಂತೆ ಮದುವೆಯ ಮಾತು ಶುರುವಾಗುತ್ತದೆ. ಅವಳು ತನ್ನ ಹೆಸರಿನಿಂದಲೇ ನಾಲ್ಕು ಜನರ ಎದುರು ನಿಲ್ಲುವ, ಒಂದು ಕೆಲಸವನ್ನು ತಾನೇ ವಹಿಸಿ ನಡೆಸುವ ಅವಕಾಶ ಆ ಮೂರು ವರ್ಷದಲ್ಲಿ ಸಿಕ್ಕರೆ ಸಿಕ್ಕಿತು. ಮುಂದೆ ಗಂಡ ಗಲ್ಫ್‌ನಲ್ಲಿದ್ದು, ಬ್ಯಾಂಕು, ಆಸ್ಪತ್ರೆ, ಮಕ್ಕಳ ಶಾಲೆ, ತಾಲೂಕು ಆಫೀಸು ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳಬೇಕಾದಾಗ ಅವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಅದು ಪಠ್ಯಪುಸ್ತಕದಿಂದ ಬರುವುದಲ್ಲ. ಹಾಗಾಗಿ "ಬೇಡ" ಎನ್ನುವ ಮೊದಲು ಮನೆಯವರು ಒಮ್ಮೆ ಯೋಚಿಸಬೇಕು.

ಮನೆಯವರು ಏನು ಕೇಳಬೇಕು?

ಕಣ್ಣು ಮುಚ್ಚಿ ಒಪ್ಪಿಗೆ ಕೊಡಿ ಎಂದು ನಾವು ಹೇಳುತ್ತಿಲ್ಲ. ಕೇಳುವುದು ಪೋಷಕರ ಹಕ್ಕು. ಸರಿಯಾದ ಪ್ರಶ್ನೆ ಕೇಳಬೇಕು, ಅಷ್ಟೇ. ಶಿಬಿರ ಅಥವಾ ಸ್ಪರ್ಧೆ ಎಂದು ಮಗಳು ಹೇಳಿದರೆ ಈ ವಿವರಗಳನ್ನು ತಿಳಿದುಕೊಳ್ಳಿ:

ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಉಂಟೇ? ಜೊತೆಗೆ ಹೋಗುವ ಅಧ್ಯಾಪಕಿಯ ಹೆಸರು, ಫೋನ್ ನಂಬರ್ ಏನು?

ಹುಡುಗಿಯರು ಉಳಿದುಕೊಳ್ಳುವ ಜಾಗ ಬೇರೆ ಇದೆಯೇ? ಶೌಚಾಲಯ ಇದೆಯೇ?

ಹೊರಡುವ, ಮರಳುವ ಸಮಯ ಎಷ್ಟು? ವಾಹನ ಯಾರದ್ದು?

ಊಟದ ವ್ಯವಸ್ಥೆ ಹೇಗೆ? ನಮಾಜಿಗೆ ಅನುಕೂಲ ಆಗುತ್ತದೆಯೇ? ರಂಝಾನ್ ತಿಂಗಳಲ್ಲಿ ಬಂದರೆ ಏನು ಮಾಡುತ್ತಾರೆ?

ಉಡುಪಿನ ನಿಯಮ ಏನು? ಇದನ್ನು ಸೇರುವ ಮೊದಲೇ ಸ್ಪಷ್ಟ ಮಾಡಿಕೊಳ್ಳಿ, ಆಮೇಲೆ ಜಗಳ ಬೇಡ.

ಉತ್ತರ ಸಮಾಧಾನ ತಂದರೆ ಕಳಿಸಿ. ಏಳು ದಿನ ಉಳಿಯುವುದು ಬೇಡ ಅನ್ನಿಸಿದರೆ ಒಂದು ದಿನದ ಕಾರ್ಯಕ್ರಮದಿಂದ ಶುರು ಮಾಡಿ. ಶಿಬಿರದ ಸಮಾರೋಪಕ್ಕೆ ಪೋಷಕರೂ ಹೋಗಿ ನೋಡಿ. ಒಮ್ಮೆ ಕಣ್ಣಾರೆ ಕಂಡವರಿಗೆ ಎರಡನೇ ಮಗಳಿಗೆ ಒಪ್ಪಿಗೆ ಕೊಡಲು ಕಷ್ಟವಾಗುವುದಿಲ್ಲ.

ಜಮಾಅತ್ ಏನು ಮಾಡಬಹುದು?

ಎಸೆಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ನಮ್ಮ ಜಮಾಅತ್‌ಗಳು, ಸಂಘಟನೆಗಳು ಪ್ರತಿ ವರ್ಷ ಶಾಲು ಹೊದಿಸಿ, ಫಲಕ ಕೊಟ್ಟು ಸನ್ಮಾನ ಮಾಡುತ್ತವೆ. ಒಳ್ಳೆಯದು. ಅದೇ ವೇದಿಕೆಯಲ್ಲಿ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಪಡೆದವನನ್ನು, ಎನ್ನೆಸ್ಸೆಸ್ ಘಟಕದ ನಾಯಕಿಯನ್ನು, ಕಾಲೇಜು ಸಂಚಿಕೆಯ ಸಂಪಾದಕಿಯನ್ನು, ವಿಶ್ವವಿದ್ಯಾನಿಲಯ ತಂಡದಲ್ಲಿ ಆಡಿದವನನ್ನು ಕೂಡ ಕರೆದು ಕೂರಿಸಿದರೆ ಎದುರು ಕೂತ ಮಕ್ಕಳಿಗೆ ಒಂದು ದಾರಿ ಕಾಣುತ್ತದೆ. ಅವರ ಉಮ್ಮ-ಉಪ್ಪನಿಗೂ "ಇದೂ ಮರ್ಯಾದೆಯ ಕೆಲಸವೇ" ಎಂದು ಗೊತ್ತಾಗುತ್ತದೆ.

ಇನ್ನೊಂದು, ಖರ್ಚಿಲ್ಲದ ಕೆಲಸ. ಪದವಿ ಮುಗಿಸಿದ ನಾಲ್ಕೈದು ಯುವಕ ಯುವತಿಯರನ್ನು ಮದ್ರಸದ ಹಾಲ್‌ನಲ್ಲಿ ಸೇರಿಸಿ, ಈ ವರ್ಷ ಕಾಲೇಜಿಗೆ ಸೇರಿದವರಿಗೆ ಒಂದು ಗಂಟೆ ಅನುಭವ ಹೇಳಿಸಿ. ಪೋಷಕರನ್ನೂ ಕರೆಯಿರಿ. ಕಾಲೇಜಿನಲ್ಲಿ ತಂಡಕ್ಕೆ ಒಬ್ಬನೇ ಹೋಗಲು ಹಿಂಜರಿಯುವ ಹುಡುಗನಿಗೆ ಅಲ್ಲಿ ಒಬ್ಬ ಸೀನಿಯರ್ ಸಿಕ್ಕರೆ ಅರ್ಧ ಸಂಕೋಚ ಅಲ್ಲೇ ಹೋಯಿತು.

ಮಾರ್ಕಿಗೆ ಪೆಟ್ಟು ಬೀಳುವುದಿಲ್ಲವೇ?

ಇದು ಉಪ್ಪಂದಿರ ಖಾಯಂ ಪ್ರಶ್ನೆ. ಎಲ್ಲದಕ್ಕೂ ಹೆಸರು ಕೊಟ್ಟರೆ ಖಂಡಿತ ಪೆಟ್ಟು ಬೀಳುತ್ತದೆ. ಅದಕ್ಕೆ ನಮ್ಮ ಸಲಹೆ: ವರ್ಷಪೂರ್ತಿ ನಡೆಯುವ ಒಂದು ಚಟುವಟಿಕೆ, ಆಗಾಗ ಬರುವ ಒಂದು ಸ್ಪರ್ಧೆ, ಇಷ್ಟೇ ಸಾಕು. ಮೂರು ವರ್ಷ ಒಂದನ್ನೇ ಹಿಡಿದವನಿಗೆ ಸಿಗುವ ಫಲ ಹತ್ತನ್ನು ಮುಟ್ಟಿ ಬಿಟ್ಟವನಿಗೆ ಸಿಗುವುದಿಲ್ಲ. ಕಾಲೇಜಿನ ಕೆಲಸಕ್ಕೆ ಹೋದ ದಿನಗಳ ಹಾಜರಿಯನ್ನು ಸಂಬಂಧಪಟ್ಟ ಅಧ್ಯಾಪಕರ ಸಹಿ ಹಾಕಿಸಿ ಕೂಡಲೇ ಆಫೀಸಿಗೆ ಕೊಡಬೇಕು. ಸೆಮಿಸ್ಟರ್ ಕೊನೆಗೆ ಓಡಾಡಿದರೆ ಪ್ರಯೋಜನವಿಲ್ಲ.

ಮಂಗಳೂರು ವಿಶ್ವವಿದ್ಯಾನಿಲಯವು ಹಿಂದಿನ ಕ್ರೆಡಿಟ್ ಪದ್ಧತಿಯಲ್ಲೇ ಸಹಪಠ್ಯ, ಪಠ್ಯೇತರ ಚಟುವಟಿಕೆಗೆ ಅಂಕ ಇಟ್ಟಿತ್ತು. ಆಮೇಲೆ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸ್ವಾಯತ್ತ ಕಾಲೇಜುಗಳ ಲೆಕ್ಕ ಬೇರೆ. ಆದ್ದರಿಂದ ನಿಮ್ಮ ಕಾಲೇಜಿನಲ್ಲಿ ಯಾವ ಚಟುವಟಿಕೆಗೆ ಎಷ್ಟು ಕ್ರೆಡಿಟ್ ಎಂದು ಆಫೀಸಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಅಂಕದ ಆಚೆಗೂ ಒಂದು ಲೆಕ್ಕ ಇದೆ. ಐಎಎಸ್ ಮುಂತಾದ ನಾಗರಿಕ ಸೇವಾ ಪರೀಕ್ಷೆಯ ವಿವರ ಅರ್ಜಿಯಲ್ಲಿ ಕ್ರೀಡೆ, ಎನ್‌ಸಿಸಿ, ನಾಯಕತ್ವ ವಹಿಸಿದ ಸ್ಥಾನ, ಹವ್ಯಾಸ ಇವುಗಳಿಗೆ ಪ್ರತ್ಯೇಕ ಜಾಗ ಉಂಟು. 275 ಅಂಕದ ಸಂದರ್ಶನದಲ್ಲಿ ಅಲ್ಲಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಅಷ್ಟು ದೂರ ಯಾಕೆ, ದುಬೈಯ ಕಂಪೆನಿಯಲ್ಲಾಗಲಿ, ಬೆಂಗಳೂರಿನ ಬ್ಯಾಂಕಿನಲ್ಲಾಗಲಿ ಮೊದಲ ಪ್ರಶ್ನೆ "ನಿಮ್ಮ ಬಗ್ಗೆ ಹೇಳಿ" ಎಂದೇ. ಹೆಸರು, ಊರು, ಪರ್ಸೆಂಟೇಜ್ ಹೇಳಿದ ಮೇಲೆ ಮುಂದೆ ಎಂತ ಹೇಳುವುದು ಎಂದು ತಡವರಿಸುವ ಪದವೀಧರರು ನಮ್ಮಲ್ಲಿ ಬಹಳ ಇದ್ದಾರೆ. "ಐವತ್ತು ಜನರ ಶಿಬಿರದ ಅಡುಗೆ ಲೆಕ್ಕ ನಾನು ನೋಡಿಕೊಂಡೆ" ಎಂದು ಹೇಳಬಲ್ಲವನ ಮಾತಿಗೆ ತೂಕ ಬೇರೆಯೇ.

ಈ ತಿಂಗಳೇ ಮಾಡಬೇಕಾದ್ದು

ಕಾಲೇಜು ಈಗಷ್ಟೇ ಶುರುವಾಗಿದೆ. ಎನ್‌ಸಿಸಿ, ಎನ್ನೆಸ್ಸೆಸ್, ರೋವರ್ಸ್-ರೇಂಜರ್ಸ್, ಯುವ ರೆಡ್‌ಕ್ರಾಸ್, ಕ್ರೀಡಾ ತಂಡಗಳು, ಎಲ್ಲದಕ್ಕೂ ಹೆಸರು ತೆಗೆದುಕೊಳ್ಳುವುದು ಈ ಹೊತ್ತಿನಲ್ಲೇ. ಮಕ್ಕಳು ನಾಳೆಯೇ ನೋಟಿಸ್ ಬೋರ್ಡ್ ಓದಿ ಬರಲಿ. ರಾತ್ರಿ ಊಟದ ಹೊತ್ತಿಗೆ ಮನೆಯವರು "ಬೋರ್ಡಿನಲ್ಲಿ ಎಂತ ಇತ್ತು?" ಎಂದು ಕೇಳಲಿ. ಒಂದನ್ನು ಆರಿಸಿ, ಬಸ್ಸಿನ ಸಮಯ ನೋಡಿ, ಅಂಗಡಿಯ ಕೆಲಸ ಹೊಂದಿಸಿ, ವಾರಕ್ಕೆ ಎರಡು ಸಂಜೆ ಅದಕ್ಕೆ ಬಿಟ್ಟುಕೊಡಿ.

ಬರೆಯುವ ಆಸಕ್ತಿ ಇರುವ ಪದವಿ ವಿದ್ಯಾರ್ಥಿಗಳಿಗೆ ಈ ಪುಟದ ಬಾಗಿಲೂ ತೆರೆದಿದೆ. ನಿಮ್ಮ ಶಿಬಿರದ ಅನುಭವ, ನಿಮ್ಮ ಅಜ್ಜಿ ಹೇಳಿದ ಗಾದೆ, ನಿಮ್ಮ ಕಾಲೇಜಿನ ಬ್ಯಾರಿ ಭಾಷಾ ದಿನದ ವರದಿ, ಯಾವುದಾದರೂ ಸರಿ, ಒಂದೂವರೆ ಪುಟದಲ್ಲಿ ಬರೆದು ಕಳಿಸಿ. ತಿದ್ದಿ, ಹೆಸರು ಹಾಕಿ ಪ್ರಕಟಿಸುವ ಕೆಲಸ ನಮ್ಮದು, ಇನ್‌ಶಾ ಅಲ್ಲಾಹ್.